ಟೂ ಸ್ಟ್ರೋಕ್ ಮೇಷ್ಟ್ರು

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದ ಮೇಷ್ಟ್ರಿಗೆ ಹುಡುಗರು ಇಟ್ಟ ಹೆಸರು ಟೂ ಸ್ಟ್ರೋಕ್ ಮೇಷ್ಟ್ರು. ಬೇರೆ ಮೇಷ್ಟ್ರುಗಳು ಅಡ್ಡಹೆಸರು ಕೇಳಿದರೆ ಬೆತ್ತ ಹುಡುಕುತ್ತಾರೆ. ಇವರು ಅದನ್ನು ಪದವಿಯ ಹಾಗೆ ಹೊತ್ತು ತಿರುಗಿದರು. ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಅವರು ಬೋರ್ಡಿನ ಮೇಲೆ ಟೂ ಸ್ಟ್ರೋಕ್ ಎಂಜಿನ್ ಬಿಡಿಸಿದರೆ ಪಕ್ಕದ ಕ್ಲಾಸಿನವರೂ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಪಿಸ್ಟನ್ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು, ಹೊಗೆ ಹೋಗಬೇಕಾದ ಕಡೆಯೇ ಹೋಗುತ್ತಿತ್ತು. ಎಲ್ಲ ಸರಿಯೇ. ಆದರೆ ಅಷ್ಟೂ ವರ್ಷ ಮೇಷ್ಟ್ರು ಶಾಲೆಗೆ ಹೋಗಿದ್ದು ಸೈಕಲ್ಲಿನಲ್ಲಿ. ನಿಜವಾದ ಎಂಜಿನ್ನಿಗೆ ಅವರ ಬೆರಳು ಸೋಕಿದ್ದೇ ಇಲ್ಲ.

ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿಗಳು, ಏನು ಕೊಡೋಣ ಸಾರ್ ಎಂದು ಕೇಳಿದಾಗ ಮೇಷ್ಟ್ರು ಗಡಿಯಾರ ಬೇಡ ಎಂದರು, ಪೆಟ್ಟಿಗೆ ಬೇಡ ಎಂದರು, ಪೆಟ್ರೋಲಿನಲ್ಲಿ ಓಡುವ ಹುಲ್ಲು ಕತ್ತರಿಸುವ ಮಿಷನ್ ಬೇಕೆಂದರು. ಉದ್ದನೆಯ ಕೋಲು, ಮೇಲಿನ ತುದಿಗೆ ಎಂಜಿನ್, ಕೆಳಗಿನ ತುದಿಗೆ ಗಿರಗಿರ ತಿರುಗುವ ನೈಲಾನ್ ದಾರ. ಅವರ ಹಿತ್ತಿಲಿನಲ್ಲಿ ಹುಲ್ಲು ಎದೆಯುದ್ದ ಬೆಳೆದಿತ್ತು. ಹೆಂಡತಿ ಬಟ್ಟೆ ಒಣಹಾಕಲು ಹೋದರೆ ತಲೆ ಮಾತ್ರ ಕಾಣುತ್ತಿತ್ತು. ಮಿಷನ್ ಬಂದ ದಿನವೇ ಮೇಷ್ಟ್ರು ಎಲ್ಲರಿಗೂ ಸಾರಿಬಿಟ್ಟರು: "ಭಾನುವಾರ ಹತ್ತು ಗಂಟೆಗೆ ಎಲ್ಲರೂ ಬನ್ನಿ. ಇಷ್ಟು ವರ್ಷ ಬೋರ್ಡಿನ ಮೇಲೆ ನೋಡಿದ್ರಿ, ಇನ್ನು ಕಣ್ಣಾರೆ ನೋಡಿ. ಇದು ನನ್ನ ಕೊನೇ ಪಾಠ."

ಮಾತು ಬಾಯಿಂದ ಜಾರಿದ ಮೇಲೆ ಮಿಷನ್ ಓಡಲೇಬೇಕಲ್ಲ. ಓಡದಿದ್ದರೆ ಮೂವತ್ತೆರಡು ವರ್ಷ ಬರೆದಿದ್ದೆಲ್ಲ ಬರೀ ಸುಣ್ಣದ ಪುಡಿ ಎಂದಾಗುತ್ತದೆ. ಮೇಷ್ಟ್ರಿಗೆ ಆ ಭಯ ಹೊಟ್ಟೆಯೊಳಗೆ ಇತ್ತು. ಹೊರಗೆ ಮಾತ್ರ ಗತ್ತು.

ಗುರುವಾರ ಅವರು ಮಿಷನ್ನಿನ ಜೊತೆ ಬಂದ ಪುಸ್ತಕ ಬಿಡಿಸಿ, ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು ಕೂತರು. ಒಂದನೇ ಪುಟದ ಚಿತ್ರದಲ್ಲಿ ಬಾಣದ ಗುರುತು ತಪ್ಪಿತ್ತು, ತಿದ್ದಿದರು. ಮೂರನೇ ಪುಟದಲ್ಲಿ ಅಕ್ಷರದೋಷ, ಸುತ್ತು ಹಾಕಿದರು. ಆರನೇ ಪುಟಕ್ಕೆ ಬರುವಷ್ಟರಲ್ಲಿ ತಾಳ್ಮೆ ಮುಗಿಯಿತು. ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, ಕೆಳಗೆ 'ಇನ್ನೂ ಶ್ರಮ ಬೇಕು' ಎಂದು ಬರೆದು ಪುಸ್ತಕ ಮುಚ್ಚಿದರು.

"ಪೂರ್ತಿ ಓದ್ರೀ," ಎಂದರು ಹೆಂಡತಿ.

"ಬರೆದವನಿಗೇ ಗೊತ್ತಿಲ್ಲದ್ದನ್ನ ನಾನು ಓದಿ ಏನು ಮಾಡಲಿ?"

ಆಮೇಲೆ ಊಟದ ಮೇಜಿನ ಮೇಲೆ ಲೀಟರು ಪೆಟ್ರೋಲು ಇಟ್ಟುಕೊಂಡು ಇಪ್ಪತ್ತು ಎಂಎಲ್ ಎಂಜಿನ್ ಆಯಿಲನ್ನು ಅಳತೆಯ ಗಾಜಿನಲ್ಲಿ ಕಣ್ಣು ಕಿರಿದು ಮಾಡಿ ಅಳೆದು ಬೆರೆಸಿದರು. ಅದೊಂದನ್ನು ಮಾತ್ರ ಯಾರೂ ತಪ್ಪು ಎನ್ನುವಂತಿರಲಿಲ್ಲ. ಅನ್ನಕ್ಕೂ ನೀರಿಗೂ ಎರಡು ದಿನ ಪೆಟ್ರೋಲಿನ ವಾಸನೆ ಹೊಡೆಯಿತು, ಅದು ಬೇರೆ ಮಾತು.

ಶುಕ್ರವಾರ ಎಂಜಿನ್ ಹೊತ್ತಿಸುವ ಹಗ್ಗ ಎಳೆದರು. ಮಿಷನ್ ಕೆಮ್ಮಲೂ ಇಲ್ಲ. ಇಪ್ಪತ್ತು ಸಲ ಎಳೆದರು, ನಲವತ್ತು ಸಲ ಎಳೆದರು. ಏರ್ ಫಿಲ್ಟರ್ ಬಿಚ್ಚಿ ಸೋಪಿನಲ್ಲಿ ತೊಳೆದು ಒಣಗಿಸಿ ಹಾಕಿ ಮತ್ತೆ ಎಳೆದರು. ದಾರ ಬಿಚ್ಚಿ ಹೊಸದಾಗಿ ಸುತ್ತಿದರು. ಎಂಜಿನ್ ಹೊತ್ತಿಕೊಳ್ಳುವುದಕ್ಕೂ ದಾರಕ್ಕೂ ಏನು ಸಂಬಂಧವೋ ಅವರೇ ಹೇಳಬೇಕು. ಕೊನೆಗೆ ಪೆಟ್ರೋಲಿನಲ್ಲಿ ಕಲಬೆರಕೆ ಇದೆ ಎಂದರು, ಹವೆಯಲ್ಲಿ ತೇವ ಹೆಚ್ಚಿದೆ ಎಂದರು. ಕುಣಿಯಲಾರದವಳಿಗೆ ನೆಲ ಡೊಂಕು.

ಪಕ್ಕದ ಮನೆಯಾತ ಕಾಂಪೌಂಡಿನ ಮೇಲೆ ಗಲ್ಲ ಊರಿ, "ಬೆಂಚಿನ ಮೇಲೆ ನಿಲ್ಲಿಸಿ ನೋಡಿ ಮೇಷ್ಟ್ರೇ, ಬಾಯಿ ಬಿಟ್ಟೀತು," ಎಂದ.

ಶನಿವಾರ ಮೇಷ್ಟ್ರು ಹೊಸ ಸ್ಪಾರ್ಕ್ ಪ್ಲಗ್ ತರಲು ಸೈಕಲ್ ಹತ್ತಿದ್ದೇ ತಡ, ಹೆಂಡತಿ ಬೀದಿ ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ಕನನ್ನು ಕರೆಸಿದರು. ಅವನೂ ಮೇಷ್ಟ್ರ ಶಿಷ್ಯನೇ. ವಿಜ್ಞಾನದಲ್ಲಿ ಮೂರು ಸಲ ಡುಮ್ಕಿ ಹೊಡೆದು, ಶಾಲೆಗೆ ಕೈಮುಗಿದು, ಇಪ್ಪತ್ತೈದು ವರ್ಷದಿಂದ ಎಂಜಿನ್ ಬಿಚ್ಚಿ ಕಟ್ಟಿ ಸಂಸಾರ ಸಾಗಿಸುತ್ತಿದ್ದವನು. ಮಿಷನ್ನನ್ನು ಒಮ್ಮೆ ನೋಡಿದ. ಹಿಡಿಕೆಯ ಪಕ್ಕ ಉಗುರಿನಷ್ಟು ದೊಡ್ಡ ಕೆಂಪು ಸ್ವಿಚ್ ಇತ್ತು. ಪೆಟ್ಟಿಗೆಯಿಂದ ಬಂದಾಗ ಆಫ್ ಕಡೆ ಇದ್ದದ್ದು ಇನ್ನೂ ಆಫ್ ಕಡೆಯೇ ಇತ್ತು. ಅದನ್ನು ಆ ಕಡೆಯಿಂದ ಈ ಕಡೆ ತಳ್ಳಿ, ಪೆಟ್ರೋಲಿನಲ್ಲಿ ತೊಯ್ದಿದ್ದ ಪ್ಲಗ್ ಒರೆಸಿ ಹಾಕಿ ಎರಡು ಸಲ ಎಳೆದ. ಮಿಷನ್ ಹೊತ್ತಿಕೊಂಡು ಅರಚಿತು.

"ಅಷ್ಟೇನಾ?" ಎಂದರು ಹೆಂಡತಿ.

"ಅಷ್ಟೇ ಅಮ್ಮ. ಆದ್ರೆ ಸಾರ್‌ಗೆ ಹೇಳ್ಬೇಡಿ. ನನ್ನ ಕೈಲಾಗಲ್ಲ."

ನಲವತ್ತು ದಾಟಿದ ಗಂಡಸು, ಮೇಷ್ಟ್ರ ಹೆಸರೆತ್ತಿದರೆ ಇಂದಿಗೂ ಬೆವರುತ್ತಿದ್ದ. ನಾಳೆ ಅವರ ಕೈಯಲ್ಲಿ ಮಿಷನ್ ಆರಿಹೋಗಿ ಮರ್ಯಾದೆ ಹೋಗಬಾರದೆಂದು ಐಡಲ್ ಸ್ಕ್ರೂವನ್ನು ಎರಡು ಸುತ್ತು ಹೆಚ್ಚಿಗೇ ತಿರುಗಿಸಿದ. ಇನ್ನು ಹಿಡಿಕೆಯ ಆಕ್ಸಿಲರೇಟರಿನಿಂದ ಬೆರಳು ಬಿಟ್ಟರೂ ದಾರ ತಿರುಗುತ್ತಲೇ ಇರುತ್ತದೆ. ಮಿಷನ್ ನಿಲ್ಲಿಸಿದ ಮೇಲೆ ಸ್ವಿಚ್ಚನ್ನು ಮತ್ತೆ ಆನ್ ಮಾಡಿಯೇ ಇಟ್ಟ. ಪಾಪ, ಎಲ್ಲ ಮಾಡಿದ್ದು ಗುರುಭಕ್ತಿಯಿಂದಲೇ.

ಸದ್ದು ಕೇಳಿ ಏದುಸಿರು ಬಿಡುತ್ತ ಬಂದ ಮೇಷ್ಟ್ರು, "ಏನಾಗಿತ್ತೋ?" ಎಂದರು.

"ಕಾರ್ಬುರೇಟರಲ್ಲಿ ಕಸ ಸಾರ್. ಯಾರಿಗೂ ಗೊತ್ತಾಗ್ತಿರಲಿಲ್ಲ."

"ನನಗೆ ಗೊತ್ತಿತ್ತು," ಎಂದರು ಮೇಷ್ಟ್ರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಹೋದರು.

ಭಾನುವಾರ ಹತ್ತಕ್ಕೆ ಮೂವತ್ತು ಜನ ಸೇರಿದರು. ಮೇಷ್ಟ್ರು ಕಾರ್ಬುರೇಟರಿನಲ್ಲಿ ಕಸ ಸೇರುವ ಬಗೆಯನ್ನು ಅರ್ಧ ಗಂಟೆ ವಿವರಿಸಿದರು. ಮೆಕ್ಯಾನಿಕ್ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಮೇಷ್ಟ್ರು ಟ್ಯಾಂಕ್ ತುಂಬಿಸಿ, ಬೆಲ್ಟು ಬಿಗಿದು, ಕಣ್ಣಿಗೆ ದಪ್ಪ ಕನ್ನಡಕ ಹಾಕಿ ಹಗ್ಗ ಎಳೆದರು. ಮಿಷನ್ ಒಂದೇ ಏಟಿಗೆ ಶುರುವಾಯಿತು. ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರ ಕಣ್ಣು ನಿಜವಾಗಿಯೂ ತುಂಬಿ ಬಂತು.

ಹುಲ್ಲು ಸರಸರ ಉರುಳಿತು. ಕಲ್ಲು ಸಿಡಿದು ಬಚ್ಚಲಿನ ಕಿಟಕಿಯ ಗಾಜು ಒಡೆಯಿತು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಹಿತ್ತಿಲು ಬೋಳಾಯಿತು. ಮೇಷ್ಟ್ರು ಗೆದ್ದವರ ಹಾಗೆ ತಿರುಗಿ ನಿಂತು ಬೆರಳು ಸಡಿಲಿಸಿದರು.

ಮಿಷನ್ ನಿಲ್ಲಲಿಲ್ಲ.

ಹಿಡಿಕೆ ಅದುಮಿದರು, ಬಿಟ್ಟರು. ದಾರ ತಿರುಗುತ್ತಲೇ ಇತ್ತು. ಬೋರ್ಡಿನ ಮೇಲೆ ಅವರ ಎಂಜಿನ್ ನಿಲ್ಲುತ್ತಿದ್ದದ್ದು ಗಂಟೆ ಹೊಡೆದು ಡಸ್ಟರ್ ತೆಗೆದುಕೊಂಡಾಗ. ಇಲ್ಲಿ ಡಸ್ಟರ್ ಎಲ್ಲಿ? ಮೂವತ್ತು ಜನ ನೋಡುತ್ತಿದ್ದಾರೆ, ಅರ್ಧ ಜನ ವಿಡಿಯೋ ಮಾಡುತ್ತಿದ್ದಾರೆ. ಕೆಳಗಿಟ್ಟರೆ ಅದು ನೆಲದ ಮೇಲೆ ಒದ್ದಾಡುತ್ತದೆ, ಹಿಡಿದು ಸುಮ್ಮನೆ ನಿಂತರೆ ಗುಟ್ಟು ರಟ್ಟಾಗುತ್ತದೆ. ಬೇಕೆಂದೇ ನಿಲ್ಲಿಸಿಲ್ಲ ಎಂಬಂತೆ ಗಡ್ಡ ಮೇಲೆತ್ತಿ ಮುಂದೆ ನಡೆದರು.

ಮುಂದೆ ಇದ್ದದ್ದು ಹೆಂಡತಿಯ ಬೆಂಡೆ ಸಾಲು. ಅದು ಹೋಯಿತು. ಆಮೇಲೆ ಟೊಮೇಟೊ. ಆಮೇಲೆ ನೀರಿನ ಪೈಪು ಎರಡು ತುಂಡಾಗಿ ಕಾರಂಜಿ ಚಿಮ್ಮಿತು. "ಮೇಷ್ಟ್ರಿಗೆ ಈ ವಯಸ್ಸಲ್ಲೂ ಏನು ಕಸುವು ನೋಡ್ರಪ್ಪಾ," ಎಂದು ಯಾರೋ ಅಂದರು. ಹೆಂಡತಿ, "ರೀ, ನನ್ನ ಗಿಡ! ಸಾಕು ಮಾಡ್ರೀ!" ಎಂದು ಕೂಗುತ್ತಲೇ ಇದ್ದರು. ಮೇಷ್ಟ್ರ ತೋಳು ಜೋಮು ಹಿಡಿದಿತ್ತು, ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಇನ್ನು ಉಳಿದಿದ್ದು ಹೆಂಡತಿ ಹನ್ನೆರಡು ವರ್ಷ ಸಾಕಿದ ಮಲ್ಲಿಗೆ ಬಳ್ಳಿ ಒಂದೇ. ಅದರ ಬುಡಕ್ಕೆ ಗೇಣು ದೂರದಲ್ಲಿ ಮೇಷ್ಟ್ರ ಎದೆ ಒಡೆಯಿತು. ಪೆಟ್ರೋಲು ಟ್ಯಾಂಕಿನ ತಳ ಮುಟ್ಟಿದ್ದೇ ಎಂಜಿನ್ ಇನ್ನಷ್ಟು ಜೋರಾಗಿ ಕಿರುಚತೊಡಗಿತು. ಅದರ ಮೇಲೆ ದನಿಯೇರಿಸಿ, ಮರ್ಯಾದೆ ಎಲ್ಲ ಮರೆತು, ಹಿಂದಿನ ಸಾಲಿನ ಕಡೆ ತಿರುಗಿ ಮೇಷ್ಟ್ರು ಚೀರಿದರು:

"ಲೋ! ಇದನ್ನ ನಿಲ್ಲಿಸೋದು ಹೇಗೋ?"

ಆ ಮಾತಿನ ನಡುವೆಯೇ ಪೆಟ್ರೋಲು ಮುಗಿದು ಎಂಜಿನ್ ಆರಿತು. ಅರ್ಧ ಪ್ರಶ್ನೆ ಹಿತ್ತಿಲಿನಲ್ಲೆಲ್ಲ ಸ್ಪಷ್ಟವಾಗಿ ಕೇಳಿಸಿತು. ವಿಡಿಯೋ ಮಾಡುತ್ತಿದ್ದವರು ಮೊಬೈಲು ಇಳಿಸಲಿಲ್ಲ.

ಎಲ್ಲರೂ ಮೆಕ್ಯಾನಿಕ್ಕನ ಕಡೆ ನೋಡಿದರು. ಮೇಷ್ಟ್ರು ಹೆಸರು ಹಿಡಿಯದೆ ಕೂಗಿದರೂ ಅದು ತನಗೇ ಎಂದು ಅವನಿಗೆ ಗೊತ್ತಿತ್ತು. ಅವನ ಕಾಲು ತಾನಾಗಿ ನೆಟ್ಟಗಾಯಿತು, ಕೈ ಎದೆಯ ಮೇಲೆ ಕಟ್ಟಿಕೊಂಡಿತು.

"ಅದು ನೀವು ಹೇಳ್ಕೊಟ್ಟಿಲ್ಲ ಸಾರ್," ಎಂದ. ಹೇಳಿ, ಏಟಿಗೆಂದು ಬಲಗೈಯನ್ನು ಮುಂದೆ ಚಾಚಿ ನಿಂತ.