ಕೆರೆಬಿಳಚಿಯಲ್ಲಿ ನಿಂತ ಕಾರು

ಮಾರುತೇಶನ ಕಾರಿನಲ್ಲಿ ಕೆಟ್ಟದ್ದು ಅಂತ ಏನೂ ಉಳಿದಿರಲಿಲ್ಲ. ಅವನಿಗೆ ಈಗ ಅದೇ ಒಂದು ತಾಪತ್ರಯವಾಗಿತ್ತು.

ನ್ಯಾಮತಿಯ ಪಶು ಆಸ್ಪತ್ರೆಯಲ್ಲಿ ಅವನ ಕೆಲಸ. ವಾರವಿಡೀ ಊರೂರು ತಿರುಗಿ ದನಕರುಗಳಿಗೆ ಲಸಿಕೆ ಹಾಕುವುದರಲ್ಲಿ ಹೊತ್ತು ಹೋಗುತ್ತಿತ್ತು. ಭಾನುವಾರ ಮಾತ್ರ ಏನು ಮಾಡಿದರೂ ಮುಗಿಯುತ್ತಿರಲಿಲ್ಲ. ಹೆಂಡತಿ ಸುಚಿತ್ರಾಳಿಂದ ಬೇರೆಯಾಗಿ ಈ ಬಾಡಿಗೆ ಮನೆಗೆ ಬಂದ ಮೊದಲ ವರ್ಷ ಅವನ ಕೈ ಹಿಡಿದದ್ದು ಅದೇ ಹಳೆಯ ಕಾರು. ಒಂದು ವಾರ ಕಿರುಗುಟ್ಟುವ ವೈಪರ್ ಬದಲಿಸಿದ. ಇನ್ನೊಂದು ವಾರ ಏರ್ ಫಿಲ್ಟರ್ ತೆಗೆದು ಧೂಳು ಕೊಡವಿದ. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಸ್ಪಾರ್ಕ್ ಪ್ಲಗ್ಗನ್ನೂ ಬಿಚ್ಚಿ ಒರೆಸಿ ಹಾಕಿದ. ಬಾನೆಟ್ಟಿನೊಳಗೆ ತಲೆ ಇಟ್ಟವನಿಗೆ ಅಡಿಗೆಮನೆಯಲ್ಲಿ ಒಂದೇ ತಟ್ಟೆ ಇರುವುದು ನೆನಪಾಗುತ್ತಿರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಮಗಳು ಚೈತ್ರಶ್ರೀಯನ್ನು ಕರೆದುಕೊಂಡು ಹೋಗಿ ಸಂಜೆ ತಂದುಬಿಡಬಹುದು ಅಂತ ಕೋರ್ಟಿನಲ್ಲಿ ಮಾತಾಗಿತ್ತು. ಈ ಭಾನುವಾರ ಅವನದಲ್ಲ. ಹಾಗಾಗಿ ಬೆಳಿಗ್ಗೆ ಎದ್ದವನೇ ಬಕೆಟ್ಟಿನಲ್ಲಿ ನೀರು ತಂದು, ಮೊನ್ನೆಯಷ್ಟೇ ತೊಳೆದ ಕಾರನ್ನು ಮತ್ತೆ ತೊಳೆಯಲು ಕೂತಿದ್ದ. ಆಗ ಫೋನ್ ಬಂತು. ಪರದೆಯ ಮೇಲೆ ಸುಚಿತ್ರಾಳ ಹೆಸರು. ಹೇಳುವುದೇನಿದ್ದರೂ ಅವಳು ಎರಡು ಸಾಲು ಮೆಸೇಜು ಹಾಕುವವಳು. ಮಗಳಿಗೇನಾಯಿತೋ ಎಂದು ಬಕೆಟ್ಟು ಬಿಟ್ಟು ಎದ್ದು ಫೋನ್ ತೆಗೆದ.

"ಚೈತ್ರ ಆರಾಮಿದಾಳೆ," ಅವನು ಕೇಳುವ ಮೊದಲೇ ಅವಳು ಹೇಳಿದಳು. "ಗಾಡಿ ಸ್ಟಾರ್ಟ್ ಆಗ್ತಿಲ್ಲ ಕಣ್ರಿ. ಜಗಳೂರಿಗೆ ಹೋಗ್ಬೇಕು, ಅಣ್ಣನ ಮಗೂದು ನಾಮಕರಣ. ಇಲ್ಲಿ ಗ್ಯಾರೇಜಿನೋರು ಯಾರೂ ಇಲ್ಲ. ಏನ್ ಮಾಡ್ಬೇಕು ಅಂತ ಹೇಳಿದ್ರೆ ನಾನೇ ಮಾಡ್ಕೊಂತೀನಿ."

"ಕೀ ತಿರುವಿದ್ರೆ ಏನ್ ಸದ್ದು ಬರ್ತೈತೆ?"

"ಟಕ್ ಟಕ್ ಅಂತೈತೆ, ಅಷ್ಟೇ. ಲೈಟು ಮಂಕಾಗೈತೆ."

ಬ್ಯಾಟರಿ. ಅವನಿಗೆ ಆ ಕ್ಷಣವೇ ಗೊತ್ತಾಯಿತು. ಬ್ಯಾಟರಿಯ ತುದಿಗೆ ಬಿಸಿನೀರು ಹಾಕಿ ಉಜ್ಜು, ಆಗದಿದ್ದರೆ ಬೀದಿಯಲ್ಲಿ ಯಾರದಾದರೂ ಕಾರಿನಿಂದ ಕೇಬಲ್ ಕೊಡಿಸಿಕೋ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಬಾಯಿಂದ ಬಂದದ್ದೇ ಬೇರೆ.

"ನೋಡ್ದೆ ಹೆಂಗೆ ಹೇಳೋದು? ನಾನೇ ಬರ್ತೀನಿ, ಇರು."

"ಅಷ್ಟು ದೂರದಿಂದ ಯಾಕೆ..." ಎಂದಳು. ಆಮೇಲೆ, "ಸರಿ, ಬೇಗ ಬರ್ರಿ."

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಗ್ರೀಸು ಹತ್ತೀತು ಎಂದು ತೆಗೆದ. ಮತ್ತೆ ಅದನ್ನೇ ಹಾಕಿಕೊಂಡ. ಗೋವಿನಕೋವಿ ಊರು ಹಿಂದಾಯಿತು, ಹೊಳೆ ದಾಟಿದ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಸಾಸ್ವೆಹಳ್ಳಿಯಲ್ಲಿ ನಿಲ್ಲಿಸಿ ಮಗಳಿಗೆಂದು ಸೀಬೆಹಣ್ಣು ಕಟ್ಟಿಸಿಕೊಂಡ. ಹಬ್ಬಕ್ಕೆ ಹೊರಟವನ ಹಾಗೆ ಗಡಿಬಿಡಿ ಪಡುತ್ತಿದ್ದೇನಲ್ಲ ಎಂದು ಅವನಿಗೇ ನಾಚಿಕೆಯಾಯಿತು.

ಸುಚಿತ್ರಾ ಕೆರೆಬಿಳಚಿಯ ಶಾಲೆಯಲ್ಲಿ ಟೀಚರು. ತಾಯಿ ದುರುಗಮ್ಮನನ್ನೂ ಮಗಳನ್ನೂ ಜೊತೆಗಿಟ್ಟುಕೊಂಡು ಶಾಲೆಯ ಹತ್ತಿರವೇ ಮನೆ ಮಾಡಿದ್ದಳು. ಗೇಟಿನ ಮುಂದೆ ಅವಳ ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ರೇಷ್ಮೆ ಲಂಗ ತೊಟ್ಟ ಚೈತ್ರಶ್ರೀ ಓಡಿ ಬಂದಳು. "ಅಪ್ಪಾ, ಇವತ್ತು ನಿಂದಲ್ಲ ಭಾನುವಾರ!" ಅಂದಳು. ಖುಷಿಗೇ ಅಂದದ್ದು. ಆದರೂ ಅವನಿಗೆ ಚುಚ್ಚಿತು.

ಸುಚಿತ್ರಾ ಹೊಸ ಸೀರೆ ಉಟ್ಟಿದ್ದಳು. "ಬಂದ್ರಾ?" ಎಂದಳು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ಹೊರಡಲಿಲ್ಲ. ಅವನು ನೇರ ಬಾನೆಟ್ಟಿಗೆ ಬಗ್ಗಿದ. ಬ್ಯಾಟರಿಯ ತುದಿಗಳ ಮೇಲೆ ಹಸಿರು ಬೆರೆತ ಬಿಳಿ ಪುಡಿ ಬೂಸಲಿನಂತೆ ಕಟ್ಟಿತ್ತು.

"ಅತ್ತೆ... ಒಂಚೂರು ಬಿಸಿನೀರು ಕೊಡ್ರಿ," ಎಂದ. ಬೇರೆ ಏನೆಂದು ಕರೆಯಬೇಕು ಅಂತ ಅವನಿಗೆ ಹೊಳೆಯಲಿಲ್ಲ. ದುರುಗಮ್ಮ ಅದನ್ನು ಲೆಕ್ಕಕ್ಕಿಡದೆ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಅವನು ವೈರು ಬಿಚ್ಚಿ, ನೀರು ಹುಯ್ದು, ಹಳೆಯ ಬ್ರಷ್ಷಿನಿಂದ ತಿಕ್ಕಿ ಒರೆಸಿದ. ತುದಿಯ ಸೀಸ ಹೊಳೆಯುವವರೆಗೆ ಮರಳುಕಾಗದ ಆಡಿಸಿ ಮತ್ತೆ ಬಿಗಿದ. ಸುಚಿತ್ರಾ ಕೀ ತಿರುವಿದಳು. ಟಕ್ ಟಕ್.

"ಪೂರಾ ಇಳಿದೈತೆ. ಒಳಗಿನ ಲೈಟು ಹಂಗೇ ಬಿಟ್ಟಿದ್ರಾ?"

ಸುಚಿತ್ರಾ ಮಗಳ ಮುಖ ನೋಡಿದಳು. ಮಗಳು ಲಂಗದ ಅಂಚು ನೋಡಿಕೊಂಡಳು.

ಮಾರುತೇಶ ತನ್ನ ಕಾರನ್ನು ತಂದು ಮೂತಿಗೆ ಮೂತಿ ಹತ್ತಿಸಿ ನಿಲ್ಲಿಸಿದ. ಡಿಕ್ಕಿಯಿಂದ ಕೆಂಪು, ಕಪ್ಪು ಕೇಬಲ್ ತೆಗೆದ. ಅದನ್ನು ನೋಡಿದ ಸುಚಿತ್ರಾ ಕೆಳಗಿಳಿದು ಅವನ ಪಕ್ಕ ಬಂದು ನಿಂತಳು.

"ಇದು ನಿಮ್ಗೆ ಫೋನಲ್ಲೇ ಗೊತ್ತಾಗಿತ್ತಾ?"

ಅವನು ಕ್ಲಿಪ್ಪು ಹಿಡಿದವನು ಹಾಗೇ ನಿಂತ. "ಗೊತ್ತಾಗಿತ್ತು."

ಬೈಯುತ್ತಾಳೆ ಅಂದುಕೊಂಡ. ಬೈದಿದ್ದರೆ ಚೆನ್ನಾಗಿರುತ್ತಿತ್ತು, ಹಳೆಯ ದಿನಗಳ ಜಗಳದಲ್ಲಾದರೂ ಇಬ್ಬರೂ ಎದುರುಬದುರು ಇರುತ್ತಿದ್ದರು. ಅವಳು ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡಳು. "ಹೆಂಗೆ ಮಾಡೋದು ತೋರಿಸ್ರಿ. ಪ್ರತಿ ಸಲ ನಿಮ್ಮನ್ನ ಕರೆಯಾಕೆ ಆಗಲ್ಲ."

ಅವನು ಕೇಬಲ್ಲನ್ನು ಅವಳ ಕೈಗೆ ಕೊಟ್ಟ. "ಮೊದ್ಲು ಕೆಂಪು. ಸತ್ತ ಬ್ಯಾಟರಿ ಪ್ಲಸ್ಸಿಗೆ ಒಂದು, ನನ್ನ ಗಾಡಿ ಪ್ಲಸ್ಸಿಗೆ ಇನ್ನೊಂದು. ಆಮೇಲೆ ಕರೀದು. ನನ್ನ ಮೈನಸ್ಸಿಗೆ ಹಾಕು. ಉಳಿದ ತುದಿ ನಿನ್ನ ಬ್ಯಾಟರಿಗೆ ಬ್ಯಾಡ, ಇಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸು. ಹಾಂ, ಅಲ್ಲೇ." ಅವಳ ಬೆರಳು ತಪ್ಪುವಲ್ಲಿ ಅವನು ಮುಟ್ಟದೆ ಸ್ಕ್ರೂಡ್ರೈವರಿನ ತುದಿಯಿಂದ ತೋರಿಸಿದ.

ಅವನ ಕಾರು ಸ್ವಲ್ಪ ಹೊತ್ತು ಗುರುಗುಟ್ಟುತ್ತ ನಿಂತಿತು. "ಈಗ ಹೊಡಿ," ಎಂದ. ಅವಳ ಕಾರು ಒಮ್ಮೆ ನರಳಿ, ಕೆಮ್ಮಿ, ಹಿಡಿದುಕೊಂಡಿತು. ಚೈತ್ರಶ್ರೀ ಚಪ್ಪಾಳೆ ತಟ್ಟಿದಳು.

ಅವನು ಕೇಬಲ್ ಬಿಚ್ಚಿದ. ಕೆಲಸ ಅಲ್ಲಿಗೇ ಮುಗಿದಿತ್ತು. ಆದರೂ ಅವನು ಕೂಲಂಟ್ ಡಬ್ಬಿ ಇಣುಕಿದ. ಆಯಿಲ್ ಕಡ್ಡಿ ಮುಟ್ಟಹೋಗಿ, ಇಂಜಿನ್ ಓಡುವಾಗ ನೋಡುವುದಲ್ಲ ಅಂತ ಕೈ ಹಿಂತೆಗೆದ. ಗಾಜು ಒರೆಸುವ ನೀರು ಕಡಿಮೆಯಿದೆ ಎಂದು ತುಂಬಿಸಿದ. ಟೈರಿಗೊಂದೊಂದು ಗುದ್ದು ಹಾಕುತ್ತ ಕಾರನ್ನು ಸುತ್ತು ಹಾಕಿದ.

"ಸಾಕ್ರಿ," ಎಂದಳು ಸುಚಿತ್ರಾ. ಧ್ವನಿ ಮೆತ್ತಗಿತ್ತು. "ಹೊತ್ತಾತು."

"ಟೀಗಿಟ್ಟೀನಿ, ಎಲ್ರೂ ಒಂದ್ ಗುಟುಕು ಕುಡಿದು ಹೋಗಾನ," ಎಂದು ದುರುಗಮ್ಮ ಒಳಗಿಂದ ಕೂಗಿದಳು.

ಒಳಗೆ ಹೋಗಿ ಕೂರಬಹುದಿತ್ತು. ಆ ಮನೆಯೊಳಗೆ ಅವನು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಮಗಳನ್ನು ಕರೆಯಲು ಬಂದಾಗಲೆಲ್ಲ ಗೇಟಿನಲ್ಲೇ ನಿಲ್ಲುತ್ತಿದ್ದ. ಆದರೆ ಹೇಳಬೇಕಾದ್ದನ್ನು ಹೇಳಲೇಬೇಕಿತ್ತು.

"ಇಂಜಿನ್ ಆಫ್ ಮಾಡ್ಬೇಡ. ಈಗ ಆಫ್ ಮಾಡಿದ್ರೆ ಮತ್ತೆ ನಿಂತ್ಕೊಳ್ಳತ್ತೆ. ಜಗಳೂರು ಮುಟ್ಟೋತನಕ ಓಡ್ತಾ ಇರ್ಲಿ, ಅಷ್ಟ್ರಾಗೆ ಚಾರ್ಜ್ ಆಗ್ತೈತೆ. ಆಗಿಲ್ಲ ಅಂದ್ರೆ ಬ್ಯಾಟರಿ ಬದಲಿಸ್ಬೇಕು."

ಓಡುತ್ತಿರುವ ಕಾರನ್ನು ಬೀದಿಯಲ್ಲಿ ಬಿಟ್ಟು ಯಾರು ಟೀ ಕುಡಿಯುತ್ತಾರೆ? ಸುಚಿತ್ರಾ ಸ್ಟೀರಿಂಗ್ ಹಿಡಿದಳು, ಮಗಳು ಪಕ್ಕದಲ್ಲಿ ಕೂತಳು. ದುರುಗಮ್ಮ ಸ್ಟೀಲ್ ಲೋಟದಲ್ಲಿ ಅವನೊಬ್ಬನಿಗೇ ಟೀ ತಂದಳು. ಎಲ್ಲರೂ ಕಾಯುತ್ತಿರುವಾಗ ಅವನು ಗೇಟಿನಲ್ಲಿ ನಿಂತು, ನಾಲಿಗೆ ಸುಡುವುದನ್ನೂ ಲೆಕ್ಕಿಸದೆ ಕುಡಿದ. ದುರುಗಮ್ಮ ಲೋಟ ಒಳಗಿಟ್ಟು ಬೀಗ ಜಡಿದಳು. ಕಾರು ಹತ್ತುವಾಗ ಅವಳಿಗೆ ತಡೆಯಲಿಲ್ಲ.

"ನೀನೂ ಬಾರಪ್ಪಾ. ನಿಮ್ಮೂರೂ ಜಗಳೂರೇ ಅಲ್ವಾ?"

ಸುಚಿತ್ರಾ ಪೆಟ್ರೋಲ್ ಮುಳ್ಳನ್ನೇ ನೋಡುತ್ತಿದ್ದಳು. ಮಾರುತೇಶ ಒರೆಸುವ ಬಟ್ಟೆಯನ್ನು ಮಡಚಿದ.

"ಇಲ್ಲತ್ತೆ, ಡ್ಯೂಟಿ ಐತೆ."

"ಭಾನುವಾರ ಎಂಥ ಡ್ಯೂಟಿ ಅಪ್ಪಾ?" ಎಂದಳು ಚೈತ್ರಶ್ರೀ.

"ದನಕ್ಕೆ ಭಾನುವಾರ ಇರಲ್ಲಮ್ಮ."

ಸೀಬೆಹಣ್ಣಿನ ಚೀಲವನ್ನು ಕಿಟಕಿಯಿಂದ ಮಗಳ ಮಡಿಲಿಗೆ ಹಾಕಿದ. ಆಮೇಲೆ ಕೇಬಲ್ಲನ್ನು ಸುತ್ತಿ ತನ್ನ ಡಿಕ್ಕಿಯ ಕಡೆ ಎರಡು ಹೆಜ್ಜೆ ಇಟ್ಟವನು ನಿಂತ. ಅದು ಸುಚಿತ್ರಾಳಲ್ಲಿದ್ದರೆ ಮುಂದಿನ ಸಲ ಫೋನ್ ಬರುವುದಿಲ್ಲ. ಅವನು ತಿರುಗಿ ಬಂದು ಅವಳ ಡಿಕ್ಕಿ ತೆಗೆದು, ಸ್ಟೆಪ್ನಿ ಪಕ್ಕ ಕೇಬಲ್ ಇಟ್ಟು ಮುಚ್ಚಿದ.

"ಯಾರ್ ಗಾಡಿ ಸಿಕ್ರೂ ಆಗ್ತೈತೆ. ಕೆಂಪು ಮೊದ್ಲು, ನೆನಪಿಟ್ಕೋ."

"ಹೂಂ," ಎಂದಳು. "ನಿಮ್ ಅಂಗಿಗೆ ಗ್ರೀಸ್ ಹತ್ತೈತೆ." ಕಾರು ಮುಂದೆ ಹೋಯಿತು. ತಿರುವು ಸಿಗುವವರೆಗೆ ಚೈತ್ರಶ್ರೀಯ ಕೈ ಕಿಟಕಿಯಾಚೆ ಆಡುತ್ತಿತ್ತು.

ಬೀಗ ಹಾಕಿದ ಮನೆಯ ಮುಂದೆ ಬಹಳ ಹೊತ್ತು ನಿಂತರೆ ನೋಡಿದವರು ಏನೆಂದುಕೊಂಡಾರು? ಅವನೂ ಹೊರಟ. ಅವಸರವಿರಲಿಲ್ಲ. ಹಿಂದಿನಿಂದ ಬಂದ ಬಸ್ಸುಗಳಿಗೆಲ್ಲ ದಾರಿ ಬಿಟ್ಟುಕೊಟ್ಟ. ಹೊನ್ನಾಳಿಯ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾಗ ಮತ್ತೆ ಫೋನ್ ಬಂತು.

"ಮುಟ್ಟಿದ್ವಿ," ಎಂದಳು ಸುಚಿತ್ರಾ. ಹಿಂದೆ ಹೆಂಗಸರ ಸೋಬಾನೆ, ಮಕ್ಕಳ ಗಲಾಟೆ. "ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ ನೋಡಿದೆ. ಒಂದೇ ಸಲಕ್ಕೆ ಆತು."

"ಒಳ್ಳೇದಾತು."

ಅಷ್ಟರಲ್ಲಿ ಆ ಕಡೆ ಯಾರೋ ಹೆಂಗಸು, "ಯಾರೇ ಫೋನಾಗೆ?" ಎಂದದ್ದು ಕೇಳಿಸಿತು. ಸುಚಿತ್ರಾ ಫೋನಿಗೆ ಕೈ ಅಡ್ಡ ಹಿಡಿದಿರಬೇಕು, ಆದರೂ ಅವನಿಗೆ ಸ್ಪಷ್ಟವಾಗಿಯೇ ಕೇಳಿಸಿತು.

"ಗಾಡಿ ರಿಪೇರಿ ಮಾಡ್ದೋರು."

ಅವಳು ಮತ್ತೆ "ಹಲೋ" ಅನ್ನುವ ಮೊದಲೇ ಅವನು, "ಸರಿ, ಇಡ್ತೀನಿ" ಎಂದು ಫೋನ್ ಇಟ್ಟ. ಸುಳ್ಳೇನೂ ಅಲ್ಲ ಅಂದುಕೊಂಡ. ತುಂಬಿದ ಮನೆಯಲ್ಲಿ, ಅಷ್ಟು ಜನರ ನಡುವೆ ಪಾಪ ಅವಳಾದರೂ ಏನು ಹೇಳಿಯಾಳು? ಸಪ್ಲೈಯರ್ ಬಂದು, "ಅನ್ನ ಹಾಕ್ಲಾ ಸಾರ್?" ಎಂದು ಕೇಳಿದ. ಮಾರುತೇಶನಿಗೆ ಹಸಿವು ಹೋಗಿತ್ತು. ಆದರೆ ಎದ್ದು ಹೋಗುವುದಕ್ಕೆ ಬೇರೆ ಜಾಗವೂ ಇರಲಿಲ್ಲ. "ಹಾಕಪ್ಪ," ಎಂದು ಎಲೆಯ ಮುಂದೆ ಇನ್ನಷ್ಟು ಹೊತ್ತು ಕೂತ.