ಚಿಕ್ಕಜಾಜೂರಿನ ಗೋಡೆಗೆ ಬಂದ ರೈಲು

ಶಾಲೆಯ ಕರಿಹಲಗೆ ಸಾಲದೆಂದು ಗಣಿತದ ಅಂಬ್ರೀನ್ ಮೇಡಂ ಕಾಂಪೌಂಡ್ ಗೋಡೆಯ ಹೊರಮೈಗೆ ಸುಣ್ಣ ಬಳಿಸಿ, ಚೌಕ ಚೌಕ ಗೆರೆ ಹಾಕಿ, ತಲೆಯ ಮೇಲೆ ‘ತುಂಡು ರೇಖೆಗಳ ನಕ್ಷೆ’ ಎಂದು ದಪ್ಪಗೆ ಬರೆದರು. ಎಡದಿಂದ ಓರೆಯಾಗಿ ಏರಿಬಂದ ಗೆರೆ, x ಎರಡಾಗುವಲ್ಲಿ, ಮೂರರ ಎತ್ತರದಲ್ಲಿ ಖಾಲಿ ಸೊನ್ನೆಯಾಗಿ ನಿಂತಿತ್ತು. ಅದರ ನೆತ್ತಿಯ ಮೇಲೆ, ಐದರ ಎತ್ತರದಲ್ಲಿ, ತುಂಬಿದ ಬೊಟ್ಟಿನಿಂದ ಇನ್ನೊಂದು ಗೆರೆ ಹೊರಟು ಬಲಕ್ಕೆ ಸಮನಾಗಿ ಓಡಿತ್ತು. ಅದರ ತುದಿಗೊಂದು ಬಾಣ.

ಮಕ್ಕಳಿಗೆ ಅರ್ಥವಾಗುವ ಮೊದಲೇ ಅದು ಊರಿಗೆ ಅರ್ಥವಾಗಿಬಿಟ್ಟಿತು.

“ಹೊಸ ರೈಲು ಹಳಿ ಬರ್ತೈತೆ,” ಎಂದ ಹಳಿ ರಿಪೇರಿ ಮಾಡುತ್ತಿದ್ದ ನಿವೃತ್ತ ಗ್ಯಾಂಗ್‌ಮನ್ ತಿಪ್ಪಯ್ಯ. “ನಕ್ಷೆ ಅಂತ ಬರ್ದೇ ಐತಲ್ಲ. ಇಗಾ, ಇಲ್ಲಿ ಕಡಿದೈತೆ. ಇಲ್ಲಿಂದ ಅಲ್ಲಿಗೆ ರೈಲು ಎಗರ್ಬೇಕು. ಬೊಟ್ಟು ತುಂಬಿರೋ ಕಡೆ ಸ್ಟೇಷನ್ನು.”

ರೈಲು ಎಗರುವುದರ ಬಗ್ಗೆ ಯಾರದೂ ತಕರಾರಿಲ್ಲ. ತಕರಾರೆಲ್ಲ ಸೊನ್ನೆಯದು. ಮರುದಿನ ಕೆಳಗಿನ ಬೀದಿಯ ಶಾಂತಕ್ಕ ಹತ್ತಾರು ಹೆಂಗಸರೊಂದಿಗೆ ಬಂದು ಮೇಡಂ ಅವರನ್ನು ಗೇಟಿನಲ್ಲೇ ತಡೆದಳು.

“ಮೇಲಿನ ಬೀದಿಯೋರಿಗೆ ತುಂಬಿದ ಬೊಟ್ಟು, ನಮಗೆ ಖಾಲಿ ಸೊನ್ನೆ! ಯಾಕ್ರಿ ಮೇಡಂ, ನಾವೇನು ಟಿಕೆಟ್ ತಗಳಾದಿಲ್ವ?”

“ಅಯ್ಯೋ ಶಾಂತಕ್ಕ, ಅದು ರೈಲಲ್ಲ, ಫಂಕ್ಷನ್ನು.”

“ಯಾವ ಫಂಕ್ಷನ್ನಾದ್ರೂ ಆಗ್ಲಿ, ನಮ್ಮನ್ನ ಕರೀಬೇಕೋ ಬ್ಯಾಡ್ವೋ?”

ಮಾರನೆಯ ಬೆಳಿಗ್ಗೆ ನೋಡಿದರೆ ಸೊನ್ನೆಗೆ ಯಾರೋ ಕೆಮ್ಮಣ್ಣು ಮೆತ್ತಿ ಭರ್ತಿ ಮಾಡಿದ್ದರು. ಅಲ್ಲಿಯವರೆಗೆ ತಾಳಿಕೊಂಡಿದ್ದ ಅಂಬ್ರೀನ್‌ಗೆ ಈಗ ನಿಜವಾಗಿಯೂ ಸಿಟ್ಟು ಬಂತು.

“ಒಂದು xಗೆ ಒಂದೇ y ಇರಬೇಕು! ಎರಡು ಕೊಟ್ರೆ ಅದು ಫಂಕ್ಷನ್ನೇ ಅಲ್ಲ!”

“ಒಂದೇ ಅಂದ್ಮೇಲೆ ಅದು ನಮ್ದೇ,” ಎಂದರು ಮೇಲಿನ ಬೀದಿಯವರು. ಎರಡೂ ಬೀದಿಯವರು ಗೋಡೆಯ ಮುಂದೆ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದರು. ಮಕ್ಕಳು ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದರು.

ಅಂಬ್ರೀನ್ ಸೆರಗು ಸಿಕ್ಕಿಸಿ ಕುಂಚ ಹಿಡಿದರು. ಎಡಗಡೆಯ ಗೆರೆಯನ್ನು ಅಳಿಸಿ ಒಂದು ಚೌಕ ಮೇಲೇರಿಸಿದರು, ಬಲಗಡೆಯದನ್ನು ಒಂದು ಚೌಕ ಕೆಳಗಿಳಿಸಿದರು. ನಾಲ್ಕರ ಎತ್ತರದಲ್ಲಿ ಎರಡೂ ಬಂದು ಕೂಡಿಕೊಂಡವು. ಖಾಲಿ ಸೊನ್ನೆಯೇ ಇಲ್ಲ. ಇಬ್ಬರಿಗೂ ಸೇರಿ ಒಂದೇ ಬೊಟ್ಟು.

ತಿಪ್ಪಯ್ಯ ಬಗ್ಗಿ, ಕೂಡಿದ ಜಾಗವನ್ನು ಬೆರಳಿನಿಂದ ಸವರಿದ. “ಜೋಡಣೆ ಚೆನ್ನಾಗೈತೆ. ಜರ್ಕ್ ಹೊಡಿಯಲ್ಲ,” ಎಂದ. ಜಗಳ ಅಲ್ಲಿಗೆ ಮುಗಿಯಿತು. ಆ ದಿನ ಪಾಠದಲ್ಲಿ ಮಕ್ಕಳಿಗೆ ಏನನ್ನೂ ಎರಡನೇ ಸಲ ಹೇಳಬೇಕಾಗಲಿಲ್ಲ.

ಸಂಜೆ ಅಂಬ್ರೀನ್ ಹೊರಡುವಷ್ಟರಲ್ಲಿ, ರೈಲೇ ಇಲ್ಲದ ಹೊರಕೆರೆದೇವಪುರದಿಂದ ಒಂದು ಟೆಂಪೊ ತುಂಬ ಜನ, ಕೈಯಲ್ಲಿ ಸೇವಂತಿಗೆ ಹಾರ ಹಿಡಿದು, ಬಂದಿಳಿದರು.

“ಮೇಡಂನೋರೇ, ಆ ಬಾಣ ಎಲ್ಲೀಗಂಟ ಹೋಗ್ತೈತ್ರಿ?”

ಸುಳ್ಳು ಹೇಳಲು ಅಂಬ್ರೀನ್‌ಗೆ ಬರುತ್ತಿರಲಿಲ್ಲ. “ಅದಕ್ಕೆ ಕೊನೆ ಇಲ್ಲ,” ಎಂದರು. “ಹೋಗ್ತಾನೇ ಇರುತ್ತೆ.”

ಹಾರ ಕೊರಳಿಗೆ ಬಿತ್ತು.