ಅಂಗಳದ ಷೆವರ್ಲೆ

ಚಟ್ಟವನ್ನು ಹೆಗಲಿಗೇರಿಸಿಕೊಂಡು ಬಾಗಿಲು ದಾಟಿದ ನಾಲ್ವರೂ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಮುಂದೆ ದಾರಿಯಿರಲಿಲ್ಲ. ದಿಲ್ಲಿಯ ಜನಕಪುರಿಯ ಆ ನೆಲಮಹಡಿ ಮನೆಯ ಅಂಗಳವನ್ನು ಗೋಡೆಯಿಂದ ಗೇಟಿನವರೆಗೆ ತುಂಬಿಕೊಂಡು ಕೆನೆಬಣ್ಣದ ಷೆವರ್ಲೆ ಕಾರು ನಿಂತಿತ್ತು. ಅಮೆರಿಕದಲ್ಲಿ ಹುಟ್ಟಿದ್ದು, ಚಾವಣಿಯನ್ನು ಮಡಚಿ ಹಿಂದಕ್ಕೆ ಹಾಕುವಂಥದ್ದು, ಚಟ್ಟದ ಮೇಲಿದ್ದ ಜಲಜಮ್ಮನಿಗಿಂತ ವಯಸ್ಸಿನಲ್ಲಿ ತುಸು ಹಿರಿಯದು. ಪಕ್ಕದ ಸಂದಿಯಲ್ಲಿ ಒಬ್ಬರು ಹೊಟ್ಟೆ ಎಳೆದುಕೊಂಡು ಹೋಗಬಹುದು. ಚಟ್ಟ ಹೋಗುವುದಿಲ್ಲ.

ಹೆಣವನ್ನು ಎತ್ತಿದ ಮೇಲೆ ಮತ್ತೆ ಒಳಗೆ ಇಳಿಸುವಂತಿಲ್ಲ ಎಂದರು ಪುರೋಹಿತರು. ನಾಲ್ವರೂ ಹೊತ್ತುಕೊಂಡೇ ನಿಂತರು.

ಜಲಜಮ್ಮನ ಗಂಡ ಅಶ್ವತ್ಥನಾರಾಯಣ ಒದ್ದೆ ಪಂಚೆಯಲ್ಲಿ ಕಾರಿಗೆ ಅಡ್ಡವಾಗಿ ನಿಂತಿದ್ದರು. ಸೆಕ್ಷನ್ ಆಫೀಸರಾಗಿ ನಿವೃತ್ತರಾದ ಈ ಮನುಷ್ಯ ತುಕ್ಕು ಹಿಡಿದ ತಗಡನ್ನು ತಂದು, ರಜೆಯನ್ನೆಲ್ಲ ಸುರಿದು, ಅದನ್ನು ಮತ್ತೆ ಕಾರು ಮಾಡಿದ್ದರು. ಈಗ ಅದನ್ನು ಕೊಳ್ಳಲು ಗುರುಗ್ರಾಮದ ವ್ಯಾಪಾರಿಯೊಬ್ಬ ಮಧ್ಯಾಹ್ನ ಬರುವವನಿದ್ದ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಅಂಗಳಕ್ಕಿಂತ ಎತ್ತರವಾಗಿತ್ತು. ಹಲಗೆಯಿಡದೆ ತಳ್ಳಿದರೆ ಕಾರಿನ ತಳ ಉಜ್ಜುತ್ತದೆ. ಹಲಗೆ ಅವನೇ ತರುತ್ತಾನೆ, ಅಲ್ಲಿಯವರೆಗೆ ಕಾಯೋಣ ಎಂದರು ಅಶ್ವತ್ಥನಾರಾಯಣ.

"ಹೆಣ ಹೊತ್ಕೊಂಡು ಕಾಯೋದೇನಯ್ಯಾ, ಅಶ್ವತ್ಥ?" ಎಂದರು ಹಳೆಯ ಸಹೋದ್ಯೋಗಿ ಚಿದಂಬರ.

"ಹಾಗಾದ್ರೆ ಮೇಲಿಂದ ದಾಟಿಸಿ. ಬಾನೆಟ್ ಮೇಲೆ ಕಂಬಳಿ ಹಾಸ್ತೀನಿ. ಬಿದಿರು ಪೇಂಟಿಗೆ ತಾಗಬಾರ್ದು, ಅಷ್ಟೇ."

ಒಬ್ಬಳೇ ಮಗಳು ಮೈತ್ರೇಯಿ ಅಪ್ಪನ ಮುಖವನ್ನೇ ನೋಡುತ್ತ ನಿಂತಳು.

*

ಜಲಜಮ್ಮ ಆರ್.ಕೆ.ಪುರಂನ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದರು. ನೌಕರಿ ಪೂರ್ತಿ ಬಸ್ಸಿನಲ್ಲಿ ಜೋತಾಡಿಕೊಂಡೇ ಹೋಗಿಬಂದವರು. ನಿವೃತ್ತಿಯ ದಿನ ರೇಷ್ಮೆ ಸೀರೆ ಉಟ್ಟು, ಇವತ್ತೊಂದು ದಿನ ಕಾರಿನಲ್ಲಿ ಬಿಟ್ಟುಬನ್ನಿ ಎಂದು ಗಂಡನನ್ನು ಕೇಳಿದ್ದರು. ಇಷ್ಟು ಹಳೆಯ ಗಾಡಿಯನ್ನು ದಿಲ್ಲಿಯಲ್ಲಿ ರಸ್ತೆಗಿಳಿಸಿದರೆ ಪೊಲೀಸರು ಹಿಡಿಯುತ್ತಾರೆ ಎಂದರು ಅವರು. ಮುಂದಿನ ವಾರ ಅವರ ಹಳೆಯ ಮೇಲಧಿಕಾರಿಯ ಮಗ ಮದುಮಗನಾಗಿ ಅದೇ ಕಾರಿನಲ್ಲಿ ಬ್ಯಾಂಡಿನ ಹಿಂದೆ ಮೆರೆದ. ಅವತ್ತು ಪೊಲೀಸರು ಎಲ್ಲಿ ಹಾಳಾಗಿ ಹೋಗಿದ್ದರೋ.

ಎರಡು ವರ್ಷದ ಕೆಳಗೆ ಲಕ್ವ ಹೊಡೆದು ಜಲಜಮ್ಮನ ಕಾಲು ಬಿದ್ದುಹೋಯಿತು. ಮೈತ್ರೇಯಿ ತಂದ ವೀಲ್‌ಚೇರ್ ಆ ಸಂದಿಯಲ್ಲಿ ಹಿಡಿಸಲಿಲ್ಲ. ಅವಳು ಜಗಳವಾಡಿ, ಕಾರು ಮಾರಾಟಕ್ಕಿದೆ ಎಂದು ಅಪ್ಪನಿಂದ ಜಾಹೀರಾತು ಹಾಕಿಸಿದಳು. ಕೊಳ್ಳುವವರೇನೋ ಬಂದರು. ಒಬ್ಬ ಪಾನ್ ಜಗಿಯುತ್ತಿದ್ದ. ಒಬ್ಬ ಗುಲಾಬಿ ಬಣ್ಣ ಹೊಡೆಸುತ್ತಾನಂತೆ. ಇನ್ನೊಬ್ಬ ಬಾಗಿಲನ್ನು ದಢಾರನೆ ಹಾಕಿದ. ಈ ಗುರುಗ್ರಾಮದವನು ಸಿಗುವವರೆಗೆ ಅಶ್ವತ್ಥನಾರಾಯಣರಿಗೆ ಯಾರೂ ಒಪ್ಪಿಗೆಯಾಗಲಿಲ್ಲ. ಮಗಳಿಗೆ ವರ ಹುಡುಕುವಾಗಲೂ ಅವರು ಇಷ್ಟು ಕಷ್ಟಪಟ್ಟಿರಲಿಲ್ಲ.

ಜಲಜಮ್ಮ ಕಿಟಕಿಯ ಬಳಿ ಕೂತಿರುತ್ತಿದ್ದರು. ಕಿಟಕಿಯಿಂದ ಕಾಣುತ್ತಿದ್ದದ್ದೂ ಕಾರೇ. ಮಾರ್ಕೆಟ್ಟಿಗೆ ಹೋಗಿ ಸೊಪ್ಪನ್ನು ತಾವೇ ಆರಿಸಿ ತರಬೇಕೆಂಬ ಆಸೆಯೊಂದನ್ನು ಮಗಳ ಹತ್ತಿರ ಆಗಾಗ ಹೇಳಿಕೊಳ್ಳುತ್ತಿದ್ದರು. ಯಾರನ್ನಾದರೂ ಕರೆದು ಎತ್ತಿಸಿಕೊಂಡು ಹೋಗುತ್ತೇನೆ ಎಂದು ಅವಳು ಹೇಳಿದರೆ ಒಪ್ಪುತ್ತಿರಲಿಲ್ಲ.

"ನಾಲ್ಕು ಜನ ಹೊರೋದು ಆಮೇಲೆ ಇದ್ದೇ ಇದೆಯಲ್ಲೇ," ಎಂದಿದ್ದರು.

*

"ಅಮ್ಮನ್ನ ಸಾಮಾನಿನ ಥರ ನಿಮ್ಮ ಕಾರಿನ ಮೇಲಿಂದ ದಾಟಿಸೋಕೆ ನಾನು ಬಿಡಲ್ಲ, ಅಪ್ಪ. ಗೇಟಿಂದ ಸೀದಾ ಹೋಗ್ತಾಳೆ," ಎಂದಳು ಮೈತ್ರೇಯಿ. ಆಮೇಲೆ ನೆರೆಯವರ ಕಡೆ ತಿರುಗಿ, "ಚಲೋ, ತಳ್ಳಿ," ಎಂದಳು.

ಅವಳೇ ಸ್ಟೀರಿಂಗ್ ಹಿಡಿದು ಕೂತು ಬ್ರೇಕು ಬಿಟ್ಟಳು. ಹೆಗಲು ಖಾಲಿಯಿದ್ದವರೆಲ್ಲ ಹಿಂದಿನಿಂದ ಕೈಕೊಟ್ಟರು. ಅಶ್ವತ್ಥನಾರಾಯಣ, ಹಲಗೆ ಬರಲಿ, ಹಲಗೆ ಬರಲಿ ಎನ್ನುತ್ತ ಪಕ್ಕದಲ್ಲೇ ಓಡಿದರು. ಗೇಟಿನ ಏರಿನಲ್ಲಿ ಕಾರಿನ ತಳ ಉದ್ದಕ್ಕೂ ಕರ್ರೆಂದು ಉಜ್ಜಿತು. ಕಾರು ರಸ್ತೆಗೆ ಬಂತು.

ಅಶ್ವತ್ಥನಾರಾಯಣ ಗೋಳೋ ಎಂದು ಅತ್ತರು. ಬೆಳಗಿನಿಂದ ಅವರು ಅತ್ತದ್ದು ಅದೇ ಮೊದಲು. ಆಗಷ್ಟೇ ಆಟೋ ಇಳಿದು ಬಂದ ದೇವಕಿಯಮ್ಮ, ಜಲಜಮ್ಮನ ಜೊತೆ ಬಸ್ಸಿನಲ್ಲಿ ಓಡಾಡಿದವರು, ಅವರ ಬೆನ್ನು ಸವರಿದರು.

"ಸಮಾಧಾನ ಮಾಡ್ಕೊಳ್ಳಿ. ಮುತ್ತೈದೆಯಾಗಿ ಹೋದ್ಲು, ಪುಣ್ಯವಂತೆ."

ಮೈತ್ರೇಯಿ ಕಾರಿನಿಂದ ಇಳಿದು ಬಂದಳು. ಆ ಅಳುವಿನಲ್ಲಿ ಅಮ್ಮನ ಪಾಲಿನದು ಒಂದು ಹನಿಯಾದರೂ ಇದ್ದೀತೇ ಎಂದು ಅಪ್ಪನ ಮುಖದಲ್ಲಿ ಹುಡುಕಿದಳು. ಮುಖ ಅಲ್ಲಿರಲಿಲ್ಲ. ಅವರು ಆಗಲೇ ಬಗ್ಗಿ ಕಾರಿನಡಿ ನುಸುಳುತ್ತಿದ್ದರು.

ಚಟ್ಟ ಖಾಲಿ ಅಂಗಳವನ್ನು ದಾಟಿ ಗೇಟಿನಿಂದ ಹೊರಬಂತು. ಬೆಂಕಿಯ ಮಡಕೆ ಹಿಡಿದಿದ್ದ ಪುರೋಹಿತರು, ಇದನ್ನು ಹಿಡಿದು ಗಂಡ ಮುಂದೆ ನಡೆಯಬೇಕು, ಎಲ್ಲಿ ಎಂದು ಕೂಗಿದರು. ಕಾರಿನಡಿಯಿಂದ ಎರಡು ಕಾಲು ಮಾತ್ರ ರಸ್ತೆಗೆ ಚಾಚಿಕೊಂಡಿದ್ದವು. ಒದ್ದೆ ಪಂಚೆಗೆ ಧೂಳು ಮೆತ್ತಿತ್ತು.

"ಒಂದ್ನಿಮಿಷ," ಎಂದಿತು ಕೆಳಗಿನ ದನಿ. "ಬಂದೆ."

ಹೊತ್ತವರ ಹೆಗಲು ಸೋತಿತ್ತು. ಅವರು ಕಾಯಲಿಲ್ಲ. ಆ ಕಾಲುಗಳನ್ನು ತುಳಿಯದಂತೆ ಒಬ್ಬೊಬ್ಬರಾಗಿ ದಾಟಿಕೊಂಡು ಮುಂದೆ ನಡೆದರು.